ಬೆಲೆ ಬಿಟ್ಟರೆ ಸಾಲದು, ತಕ್ಕಡಿಯೂ ಹಕ್ಕುಪತ್ರವೂ ಸರಿಯಿರಬೇಕು

ಸಂಪಾದಕರಿಗೆ,

ಮಾನ್ಯರೇ,

ಕಮ್ಯುನಿಸ್ಟ್ ವ್ಯವಸ್ಥೆ ಬಿಟ್ಟ ದೇಶಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡೇ ವಾದ. ಪೋಲೆಂಡ್ ಮಾರುಕಟ್ಟೆ ತೆರೆದು ಮೇಲೆ ಬಂತು ಎಂದು ಕೆಲವರು, ರಷ್ಯಾ ಅದನ್ನೇ ಮಾಡಿ ನೆಲಕಚ್ಚಿತು ಎಂದು ಇನ್ನು ಕೆಲವರು. ಎರಡೂ ನಡೆದದ್ದೇ. ಪೋಲೆಂಡ್ 1990ರ ಜನವರಿ 1ರಂದು, ರಷ್ಯಾ 1992ರ ಜನವರಿ 2ರಂದು ಬಹುಪಾಲು ಸರಕುಗಳ ಬೆಲೆಯ ಮೇಲಿನ ಸರ್ಕಾರಿ ಹಿಡಿತ ತೆಗೆದವು. ಪೋಲೆಂಡ್ ಎರಡು ವರ್ಷ ಕುಸಿದು 1992ರಿಂದ ಬೆಳೆಯತೊಡಗಿತು. ರಷ್ಯಾದ ಆರ್ಥಿಕತೆ ಇಡೀ ದಶಕ ಸೊರಗಿತು. 1998ರ ಆಗಸ್ಟ್‌ನಲ್ಲಿ ಸರ್ಕಾರವೇ ಸಾಲ ತೀರಿಸಲಾರೆ ಎಂದು ಕೈಯೆತ್ತಿತು. ಬೆಲೆ ಬಿಟ್ಟದ್ದು ಇಬ್ಬರೂ. ಅದರ ಜೊತೆಗೆ ಮಾಡಿದ್ದೇನು, ಮಾಡದೆ ಉಳಿಸಿದ್ದೇನು ಎಂದು ನೋಡಿದರೆ ಮಾತ್ರ ಈ ಚರ್ಚೆಗೆ ಅರ್ಥ ಬರುತ್ತದೆ. ಕಾಫಿ ಸೀಮೆಯ ಓದುಗರಿಗೆ ಇದು ದೂರದ ವಿಷಯವಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆಯ ತೋಟಗಳು ಇಂಥದ್ದೇ ಒಂದು ಬದಲಾವಣೆಯನ್ನು ಸಣ್ಣ ಪ್ರಮಾಣದಲ್ಲಿ ದಾಟಿ ಬಂದಿವೆ.

1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಕೂಡಿಸಿ ಮಾರುವ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಂಸ್ಕರಿಸುವ ಕಾರ್ಖಾನೆಯಲ್ಲಿ) ದರ್ಜೆ ನೋಡಿ ಪಾಯಿಂಟು ಹಾಕುತ್ತಿದ್ದರು. ಮುಂಗಡವಾಗಿ ಒಂದು ಕಂತು, ಮಂಡಳಿ ಹರಾಜಿನಲ್ಲಿ ಮಾರಿದಂತೆಲ್ಲ ಪಾಯಿಂಟಿಗೆ ಇಷ್ಟು ಎಂದು ಉಳಿದ ಕಂತುಗಳು. ಒಳ್ಳೆಯ ಕಾಫಿ ಮಾಡಿದವನಿಗೂ ಸಾಧಾರಣ ಕಾಫಿ ಮಾಡಿದವನಿಗೂ ಸಿಗುವ ದುಡ್ಡಿನಲ್ಲಿ ಅಂತರ ಕಡಿಮೆ, ದುಡ್ಡು ಬರುವುದೂ ತಡ. ಸೋವಿಯತ್ ಒಕ್ಕೂಟ ಆಗ ನಮ್ಮ ಕಾಫಿಯ ಬಹು ದೊಡ್ಡ ಗಿರಾಕಿ. ವ್ಯವಹಾರ ರೂಪಾಯಿ ಲೆಕ್ಕದಲ್ಲಿ, ಎರಡು ಸರ್ಕಾರಗಳ ಒಪ್ಪಂದದ ಮೇಲೆ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಜಗತ್ತಿನ ಬೆಲೆ ಕುಸಿಯಿತು. 1991ರ ಡಿಸೆಂಬರ್‌ನಲ್ಲಿ ಆ ದೊಡ್ಡ ಗಿರಾಕಿಯೇ ಇಲ್ಲವಾದ. ಆಮೇಲೆ ಪೂಲ್ ಒಂದೇ ಏಟಿಗೆ ಹೋಗಲಿಲ್ಲ. 1992ರಲ್ಲಿ ಫಸಲಿನ ಶೇ 30 ಭಾಗವನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಬಿಟ್ಟರು, ನಂತರ ಅರ್ಧ, 1996ರ ಹೊತ್ತಿಗೆ ಪೂರ್ತಿ. ಈ ಕ್ರಮ ನಮ್ಮಲ್ಲಿ ದೊಡ್ಡ ಅನಾಹುತವಿಲ್ಲದೆ ನಡೆಯಲು ಕಾರಣಗಳಿದ್ದವು. ರೂಪಾಯಿ ರೂಪಾಯಿಯಾಗಿಯೇ ಉಳಿದಿತ್ತು. ಕೊಳ್ಳಲು ಒಬ್ಬರಲ್ಲ, ಹಲವು ರಫ್ತುದಾರರೂ ವ್ಯಾಪಾರಿಗಳೂ ಇದ್ದರು. ತೋಟ ಯಾರದೆಂದು ಹೇಳುವ ಪಹಣಿ, ದೋಷಗಳಿದ್ದರೂ, ಇತ್ತು. ಈ ಮೂರರಲ್ಲಿ ಒಂದೊಂದು ಇಲ್ಲದೆಡೆ ಏನಾಯಿತೆಂದು ಆ ದೇಶಗಳು ತೋರಿಸುತ್ತವೆ.

ಮೊದಲು ಪೋಲೆಂಡ್. ಅಲ್ಲಿನ ಹಣಕಾಸು ಸಚಿವ ಲೆಷೆಕ್ ಬಾಲ್ಸೆರೊವಿಚ್ ಮಾಡಿದ್ದನ್ನು ‘ಬೆಲೆ ಬಿಟ್ಟರು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದೇ ತಪ್ಪು. ಅದೇ ದಿನ ಕಲ್ಲಿದ್ದಲು, ವಿದ್ಯುತ್ತಿನ ಸಬ್ಸಿಡಿ ಕಡಿದು ದರವನ್ನು ಹಲವು ಪಟ್ಟು ಏರಿಸಿದರು. ಬಜೆಟ್ ಕೊರತೆ ತುಂಬಲು ನೋಟು ಅಚ್ಚು ಹಾಕುವುದನ್ನು ನಿಲ್ಲಿಸಿದರು. ಡಾಲರ್‌ಗೆ 9,500 ಜ್ಲಾಟಿ ಎಂದು ದರ ನಿಗದಿ ಮಾಡಿ, ಆಮದಿಗೆ ಬೇಕಾದವರು ಆ ದರಕ್ಕೆ ಡಾಲರ್ ಕೊಳ್ಳಬಹುದೆಂದರು. ಜನರಿಗೆ ಹಿಡಿಸದ ಇನ್ನೊಂದು ಕ್ರಮವೂ ಇತ್ತು. ಸರ್ಕಾರಿ ಕಾರ್ಖಾನೆ ಮಿತಿ ಮೀರಿ ಕೂಲಿ ಏರಿಸಿದರೆ, ಹೆಚ್ಚು ಕೊಟ್ಟ ಹಣದ ಹಲವು ಪಟ್ಟು ತೆರಿಗೆ ತೆರಬೇಕು. ಕಾರ್ಖಾನೆಗೆ ನಿಜವಾದ ಮಾಲೀಕನಿಲ್ಲ, ನಡೆಸುವುದು ಕಾರ್ಮಿಕರ ಮಂಡಳಿ. ಬೆಲೆ ಬಿಟ್ಟೊಡನೆ ಬಂದ ಲಾಭವನ್ನೆಲ್ಲ ಸಂಬಳಕ್ಕೆ ಹಂಚಿಕೊಂಡು, ಮತ್ತೆ ಸಾಲಕ್ಕೆ ಬ್ಯಾಂಕಿನ ಬಾಗಿಲಿಗೆ ಬರುವ ಅಪಾಯ ಇದ್ದೇ ಇತ್ತು. ಆ ತೆರಿಗೆ ಇಲ್ಲದಿದ್ದರೆ ಉಳಿದ ಕ್ರಮಗಳೆಲ್ಲ ನೀರಲ್ಲಿ ಹೋಮವಾಗುತ್ತಿದ್ದವು. 1990ರ ಜನವರಿ ಒಂದೇ ತಿಂಗಳಲ್ಲಿ ಬೆಲೆಗಳು ಶೇ 80ರಷ್ಟು ಏರಿದವು. ಮಾರ್ಚ್ ಹೊತ್ತಿಗೆ ತಿಂಗಳ ಏರಿಕೆ ಒಂದಂಕಿಗೆ ಇಳಿದಿತ್ತು. ಖಾಲಿ ಬಿದ್ದಿದ್ದ ಅಂಗಡಿಗಳಲ್ಲಿ ಸರಕು ಕಾಣಿಸಿತು.

ಪೋಲೆಂಡಿನ ಬೆಳವಣಿಗೆ ದೊಡ್ಡ ಸರ್ಕಾರಿ ಕಾರ್ಖಾನೆಗಳನ್ನು ಮಾರಿದ್ದರಿಂದ ಬಂತು ಎಂದು ಬಹಳ ಮಂದಿ ನಂಬಿದ್ದಾರೆ. ಆ ಮಾರಾಟ ನಿಜಕ್ಕೂ ನಿಧಾನವಾಗಿ, ವರ್ಷಗಟ್ಟಲೆ ನಡೆಯಿತು. ಬೇಗ ಆದದ್ದು ಸಣ್ಣ ವ್ಯಾಪಾರ. ಯಾರು ಬೇಕಾದರೂ ಯಾವ ಉದ್ಯಮವನ್ನಾದರೂ ನೋಂದಾಯಿಸಬಹುದೆಂಬ ಕಾನೂನನ್ನು 1988ರ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಸರ್ಕಾರವೇ ಮಾಡಿತ್ತು. 1990ರಲ್ಲಿ ಬೀದಿ ವ್ಯಾಪಾರಕ್ಕೂ ಅಡ್ಡಿ ಹೋಯಿತು. ವಾರ್ಸಾದ ಬೀದಿಗಳಲ್ಲಿ ಮಡಚುವ ಮಂಚ ಬಿಡಿಸಿ ಅದರ ಮೇಲೆ ಮಾಂಸ, ಸೋಪು, ಬಟ್ಟೆ ಹರಡಿ ಮಾರಿದರು. ಆಮೇಲೆ ವ್ಯಾನು, ಆಮೇಲೆ ಅಂಗಡಿ. ಸರ್ಕಾರಿ ಅಂಗಡಿ ಬೆಲೆ ಏರಿಸಿದರೆ ಪಕ್ಕದಲ್ಲೇ ಇನ್ನೊಬ್ಬ ಕಡಿಮೆಗೆ ಕೊಡುತ್ತಿದ್ದ. ರೈತರ ಜಮೀನೂ ಮುಖ್ಯ. ಸಾಮೂಹಿಕ ಬೇಸಾಯವನ್ನು ಪೋಲೆಂಡಿನ ರೈತರು ಒಪ್ಪಿರಲಿಲ್ಲ, ಮುಕ್ಕಾಲು ಪಾಲು ಕೃಷಿ ಭೂಮಿ ಖಾಸಗಿಯಾಗಿಯೇ ಉಳಿದಿತ್ತು. ಹೊರಗಿನ ನೆರವನ್ನೂ ಮರೆಯಬಾರದು. ಸಾಲ ಕೊಟ್ಟ ಸರ್ಕಾರಗಳು 1991ರಲ್ಲಿ ತಮಗೆ ಬರಬೇಕಾದ ಸಾಲದ ಅರ್ಧ ಭಾರ ಇಳಿಸಲು ಒಪ್ಪಿದವು. ಇದನ್ನು ಬಿಟ್ಟು ಪೋಲೆಂಡಿನ ಕಥೆ ಹೇಳುವವರು ಅರ್ಧ ಕಥೆ ಹೇಳುತ್ತಾರೆ.

ಬೆಲೆ ತೆತ್ತವರೂ ಇದ್ದರು. ನಿರುದ್ಯೋಗ 1993ರ ಕೊನೆಗೆ ಶೇ 16 ದಾಟಿತು. ಉತ್ತರ ಮತ್ತು ಪಶ್ಚಿಮದ ಸರ್ಕಾರಿ ಬೃಹತ್ ಫಾರಂಗಳನ್ನು 1991ರ ನಂತರ ಮುಚ್ಚಿದಾಗ ಅಲ್ಲಿನ ಕಾರ್ಮಿಕರಿಗೆ ಜಮೀನೂ ಸಿಗಲಿಲ್ಲ, ಹತ್ತಿರದಲ್ಲಿ ಬೇರೆ ಕೆಲಸವೂ ಇರಲಿಲ್ಲ. ಎಸ್ಟೇಟ್ ಮುಚ್ಚಿದ ಮೇಲೆ ಲೈನ್ ಮನೆಗಳಲ್ಲಿ ಉಳಿದುಹೋದ ಕುಟುಂಬಗಳ ಪಾಡು ಅವರದು. ಸರಾಸರಿ ವರಮಾನದ ಅಂಕಿಯಲ್ಲಿ ಇವರು ಕಾಣುವುದಿಲ್ಲ. ಸುಧಾರಣೆ ಅಗತ್ಯವಿತ್ತೆಂದು ನಂಬುವ ನಾವು ಇದನ್ನು ಮೊದಲು ಹೇಳಬೇಕು.

ಇನ್ನು ರಷ್ಯಾ. ಉಪ ಪ್ರಧಾನಿ ಯೆಗೊರ್ ಗೈದಾರ್ ಬೆಲೆ ಬಿಟ್ಟ ದಿನ ರೂಬಲ್ ಒಂದು ದೇಶದ ಹಣವಾಗಿರಲಿಲ್ಲ. ನೋಟು ಅಚ್ಚಾಗುವುದು ರಷ್ಯಾದಲ್ಲಿ ಮಾತ್ರ. ಆದರೆ ಹೊಸದಾಗಿ ಹುಟ್ಟಿದ ಪ್ರತಿ ದೇಶದ ಕೇಂದ್ರ ಬ್ಯಾಂಕೂ ತನ್ನ ಕಾರ್ಖಾನೆಗಳಿಗೆ ರೂಬಲ್ ಲೆಕ್ಕದಲ್ಲಿ ಸಾಲ ಬರೆಯಬಹುದಿತ್ತು. ಸಾಲ ಬರೆದವರಿಗೆ ಸರಕು ಸಿಗುತ್ತದೆ, ಬೆಲೆಯೇರಿಕೆ ಎಲ್ಲರಿಗೂ ಹಂಚಿಹೋಗುತ್ತದೆ. ಹೀಗಿದ್ದಾಗ ಸಾಲ ಬರೆಯದೆ ಕೈ ಬಿಗಿಹಿಡಿದವನೇ ನಷ್ಟಕ್ಕೆ ಬೀಳುತ್ತಾನೆ. ರಷ್ಯಾದೊಳಗೆ ಕಾರ್ಖಾನೆಗಳು ಒಂದಕ್ಕೊಂದು ಬಿಲ್ಲು ಕಟ್ಟದೆ ಸರಕು ಕಳಿಸುತ್ತಾ ಹೋದವು. 1992ರ ನಡುವಿನ ಹೊತ್ತಿಗೆ ಆ ಬಾಕಿ ಬೆಟ್ಟದಷ್ಟಾಗಿತ್ತು. ಜುಲೈನಲ್ಲಿ ಕೇಂದ್ರ ಬ್ಯಾಂಕಿನ ಹೊಣೆ ಹೊತ್ತ ವಿಕ್ಟರ್ ಗೆರಾಶ್ಚೆಂಕೊ ಅದನ್ನು ಹೊಸ ಸಾಲದಿಂದ ತುಂಬಿದರು. ಆ ವರ್ಷದ ಬೆಲೆಯೇರಿಕೆ ಸುಮಾರು ಶೇ 2,500. ಜೀವಮಾನವಿಡೀ ಉಳಿತಾಯ ಖಾತೆಯಲ್ಲಿಟ್ಟ ಹಣ ತಿಂಗಳುಗಳಲ್ಲಿ ಕರಗಿತು. ಹೀಗೆ ಕೈಬರಿದಾದ ಜನರಿಗೆ ಅದೇ ಅಕ್ಟೋಬರ್‌ನಿಂದ ತಲಾ 10,000 ರೂಬಲ್ ಮುಖಬೆಲೆಯ ವೋಚರ್ ಹಂಚಿ ‘ಇನ್ನು ಕಾರ್ಖಾನೆಗಳಲ್ಲಿ ನಿಮಗೂ ಪಾಲು’ ಎಂದರು. ಊಟಕ್ಕೆ ಪರದಾಡುವವನು ಅದನ್ನು ಮೊದಲು ಕೇಳಿದವನಿಗೆ ಮಾರುತ್ತಾನೆ. ಹೆಚ್ಚಿನ ಕಾರ್ಖಾನೆಗಳಲ್ಲಿ ಶೇ 51 ಪಾಲು ಒಳಗಿನ ಕಾರ್ಮಿಕರಿಗೂ ಆಡಳಿತದವರಿಗೂ ಹೋಯಿತು. ಅದು ಬರಬರುತ್ತಾ ಆಡಳಿತದವರ ಕೈಯಲ್ಲಿ ಉಳಿಯಿತು.

1995ರ ಕೊನೆಯಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಬಜೆಟ್ಟಿಗೆ ದುಡ್ಡಿಲ್ಲದ ಸರ್ಕಾರ ತೈಲ ಮತ್ತು ಲೋಹದ ಕಂಪನಿಗಳ ಷೇರನ್ನು ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ಎತ್ತಿತು. ಯಾರು ಹೆಚ್ಚು ಸಾಲ ಕೊಡುತ್ತಾರೆ ಎಂಬ ಹರಾಜನ್ನು ನಡೆಸುವ ಕೆಲಸವನ್ನೂ ಬ್ಯಾಂಕುಗಳಿಗೇ ವಹಿಸಿತು. ನೊರಿಲ್ಸ್ಕ್ ನಿಕಲ್‌ನ ಶೇ 38 ಷೇರು ಹರಾಜು ನಡೆಸಿದ ಬ್ಯಾಂಕಿನ ಬಳಗಕ್ಕೇ ಸುಮಾರು 17 ಕೋಟಿ ಡಾಲರ್‌ಗೆ ಸಿಕ್ಕಿತು. ಸರ್ಕಾರ ಸಾಲ ತೀರಿಸಲಿಲ್ಲ, ಅಡವು ಬಿಡಿಸಲಿಲ್ಲ, ಷೇರು ಅಲ್ಲೇ ಉಳಿಯಿತು. ಇದನ್ನು ಮುಕ್ತ ಮಾರುಕಟ್ಟೆ ಎಂದು ಕರೆಯುವುದು ಆ ಮಾತಿಗೇ ಅವಮಾನ. ಹರಾಜಿನಲ್ಲಿ ಎರಡನೆಯ ನಿಜವಾದ ಕೂಗೇ ಇರಲಿಲ್ಲ. ಈ ವರ್ಷಗಳಲ್ಲಿ ರಷ್ಯಾದ ಗಂಡಸರ ಸರಾಸರಿ ಆಯಸ್ಸು 58ಕ್ಕಿಂತ ಕೆಳಗಿಳಿದಿತ್ತು ಎಂಬುದನ್ನೂ ಬೆಳವಣಿಗೆ ದರದ ಪಕ್ಕದಲ್ಲಿಟ್ಟು ಓದಬೇಕು.

ಅದೇ ರೂಬಲ್ ಬಲೆಯಿಂದ ಎಸ್ಟೋನಿಯಾ ಹೊರಬಂದ ರೀತಿ ನೋಡಿ. 1992ರ ಜೂನ್ 20ರಂದು ಕ್ರೂನ್ ಎಂಬ ಸ್ವಂತ ಹಣ ತಂದಿತು. ಪ್ರತಿ ನಿವಾಸಿ 1,500 ರೂಬಲ್ ಕೊಟ್ಟು 150 ಕ್ರೂನ್ ಪಡೆಯಬಹುದು, ಹತ್ತಕ್ಕೆ ಒಂದರಂತೆ. ಎಂಟು ಕ್ರೂನ್‌ಗೆ ಒಂದು ಜರ್ಮನ್ ಮಾರ್ಕ್ ಎಂದು ಕಾನೂನಿನಲ್ಲೇ ಬರೆದರು. ಕೇಂದ್ರ ಬ್ಯಾಂಕಿನ ಹತ್ತಿರ ಇರುವ ಚಿನ್ನ ಮತ್ತು ವಿದೇಶಿ ಹಣಕ್ಕೆ ಮೀರಿ ಒಂದು ಕ್ರೂನೂ ಹೊರಡಿಸುವಂತಿರಲಿಲ್ಲ. ಆ ಚಿನ್ನ ಎಲ್ಲಿಂದ ಬಂತು? 1940ರ ಮೊದಲು ಪಶ್ಚಿಮದ ಬ್ಯಾಂಕುಗಳಲ್ಲಿ ಇಟ್ಟಿದ್ದು, ಸ್ವಾತಂತ್ರ್ಯ ಬಂದ ಮೇಲೆ ವಾಪಸು ಬಂದದ್ದು. ಅದೇ ವರ್ಷದ ಕೊನೆಗೆ ದೊಡ್ಡ ಬ್ಯಾಂಕುಗಳು ಮುಗ್ಗರಿಸಿದಾಗ ಟಾರ್ಟು ಕಮರ್ಷಿಯಲ್ ಬ್ಯಾಂಕನ್ನು ಸರ್ಕಾರ ಉಳಿಸಲಿಲ್ಲ, ಮುಚ್ಚಲು ಬಿಟ್ಟಿತು. ಠೇವಣಿದಾರರಿಗೆ ಪೆಟ್ಟಾಯಿತು. ಆದರೆ ಮುಳುಗಿದವರನ್ನು ಸರ್ಕಾರ ಎತ್ತುತ್ತದೆ ಎಂಬ ನಂಬಿಕೆ ಉಳಿದ ಬ್ಯಾಂಕುಗಳಲ್ಲಿ ಹೋಯಿತು. 1994ರಲ್ಲಿ ಎಲ್ಲರಿಗೂ ಒಂದೇ ದರದ ಶೇ 26 ಆದಾಯ ತೆರಿಗೆ, ಆಮದಿಗೆ ಬಹುತೇಕ ಸುಂಕವೇ ಇಲ್ಲ. 2011ರಲ್ಲಿ ಯೂರೊ. ಆಗ ಹದಿನೈದು ಲಕ್ಷದ ಆಸುಪಾಸಿನ ಜನರಿದ್ದ ದೇಶಕ್ಕೆ ಸಾಧ್ಯವಾದದ್ದು ಎಲ್ಲರಿಗೂ ಸಾಧ್ಯ ಎಂದು ನಾವು ಹೇಳುತ್ತಿಲ್ಲ. ಹಣ ಮೊದಲು ಗಟ್ಟಿಯಾದರೆ ಬೆಲೆ ಬಿಡುವುದು ಸುಲಭ ಎಂಬುದಕ್ಕೆ ಮಾತ್ರ ಇದಕ್ಕಿಂತ ಸ್ಪಷ್ಟ ಸಾಕ್ಷಿ ಇಲ್ಲ.

ಜೆಕೊಸ್ಲೊವಾಕಿಯಾವೂ 1992ರಲ್ಲಿ ವೋಚರ್ ಹಂಚಿತು. ವೋಚರ್ ಪುಸ್ತಿಕೆಗೂ ಅದರ ಮುದ್ರೆಗೂ ಸೇರಿ ಜನ ಕೊಡಬೇಕಾದದ್ದು 1,035 ಕೊರುನಾ (ಅಲ್ಲಿನ ಹಣ). ಬಹುಪಾಲು ಜನ ಷೇರು ಪಡೆಯಲು ಸಿಕ್ಕ ತಮ್ಮ ವೋಚರ್ ಪಾಯಿಂಟುಗಳನ್ನು ಹೂಡಿಕೆ ನಿಧಿಗಳಿಗೆ ಒಪ್ಪಿಸಿದರು. ಆ ನಿಧಿಗಳಲ್ಲಿ ಹಲವು ಬ್ಯಾಂಕುಗಳವು, ಬ್ಯಾಂಕುಗಳಲ್ಲಿ ದೊಡ್ಡ ಪಾಲು ಸರ್ಕಾರದ್ದು. ಕಾರ್ಖಾನೆಯ ಆಸ್ತಿಯನ್ನು ಒಳಗಿನವರು ತಮ್ಮ ಬೇರೆ ಕಂಪನಿಗೆ ಅಗ್ಗಕ್ಕೆ ಸಾಗಿಸಿದರೂ ಕೇಳುವವರಿರಲಿಲ್ಲ. ದೇಶ ಎರಡಾದ ಮೇಲೆ ಜೆಕ್ ಗಣರಾಜ್ಯದಲ್ಲಿ ಷೇರುಪೇಟೆಗೆ ನಿಗಾ ಆಯೋಗ ಬಂದದ್ದೇ 1998ರಲ್ಲಿ. ಪೋಲೆಂಡ್ ಆ ಆಯೋಗವನ್ನು 1991ರಲ್ಲೇ ಕಟ್ಟಿ, ಏಪ್ರಿಲ್‌ನಲ್ಲಿ ಕೇವಲ ಐದು ಕಂಪನಿಗಳೊಂದಿಗೆ ವಾರ್ಸಾ ಷೇರುಪೇಟೆ ತೆರೆಯಿತು, ಅದೂ ಕಮ್ಯುನಿಸ್ಟ್ ಪಕ್ಷದ ಹಳೆಯ ಕೇಂದ್ರ ಕಚೇರಿಯಲ್ಲಿ.

ಅಂಕಿ ಓದುವವರಿಗೆ ಒಂದು ಎಚ್ಚರಿಕೆ. 1990ರ ಆಸುಪಾಸಿನ ‘ಕುಸಿತ’ದಲ್ಲಿ ಯಾರಿಗೂ ಬೇಡದ ಸರಕಿನ ಉತ್ಪಾದನೆ ನಿಂತದ್ದೂ ಸೇರಿದೆ, ಹೊಸ ಬೀದಿ ವ್ಯಾಪಾರ ಲೆಕ್ಕಕ್ಕೆ ಸಿಗದೆ ಉಳಿದದ್ದೂ ಸೇರಿದೆ. ಹಾಗಾಗಿ ಮೊದಲ ಎರಡು ವರ್ಷದ ಅಂಕಿಯನ್ನು ಅಕ್ಷರಶಃ ನಂಬಬಾರದು. ಹಾಗೆಯೇ ಆರ್ಥಿಕ ಸ್ವಾತಂತ್ರ್ಯದ ಸೂಚ್ಯಂಕದಲ್ಲಿ ಒಂದು ದೇಶದ ಒಟ್ಟು ಅಂಕ ನೋಡಿದರೆ ಹೆಚ್ಚೇನೂ ತಿಳಿಯದು. ಹಣದ ಸ್ಥಿರತೆ, ಕಾನೂನು ಮತ್ತು ಆಸ್ತಿ ಹಕ್ಕು, ವಿದೇಶಿ ವ್ಯಾಪಾರ ಇವಕ್ಕೆ ಬೇರೆ ಬೇರೆ ಅಂಕ ಇರುತ್ತದೆ. ಯಾವುದು ತೀರ ಕೆಳಗಿದೆ ಎಂದು ನೋಡಬೇಕು.

ಜಮೀನಿನ ವಿಷಯಕ್ಕೆ ಬಂದರೆ ಉಕ್ರೇನ್ ಮತ್ತು ವಿಯೆಟ್ನಾಂ ಎರಡನ್ನೂ ಪಕ್ಕಪಕ್ಕ ಇಡಬೇಕು. ಸಾಮೂಹಿಕ ಫಾರಂಗಳನ್ನು ಒಡೆದಾಗ ಉಕ್ರೇನಿನ ಸುಮಾರು 70 ಲಕ್ಷ ಹಳ್ಳಿಗರಿಗೆ ತಲಾ ನಾಲ್ಕು ಹೆಕ್ಟೇರಿನ ಆಸುಪಾಸು ಪಾಲು ಬಂತು. 2001ರಿಂದ ಅದನ್ನು ಮಾರುವಂತಿಲ್ಲ ಎಂದು ತಡೆ. ಗೇಣಿಗೆ ಮಾತ್ರ ಕೊಡಬಹುದು. ಮಾರಲಾಗದ ಜಮೀನನ್ನು ಅಡವಿಟ್ಟುಕೊಂಡು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಸಾಲವಿಲ್ಲದೆ ಟ್ರ್ಯಾಕ್ಟರ್ ಇಲ್ಲ. ಪರಿಣಾಮ, ದೊಡ್ಡ ಕೃಷಿ ಕಂಪನಿಗಳು ಸಾವಿರಾರು ಪಾಲುಗಳನ್ನು ಅಗ್ಗದ ಗೇಣಿಗೆ ಒಟ್ಟುಗೂಡಿಸಿಕೊಂಡವು. ಸಣ್ಣವರನ್ನು ಕಾಯಲು ಹಾಕಿದ ತಡೆ ದೊಡ್ಡವರಿಗೆ ಅನುಕೂಲವಾಯಿತು. ಅದು ತೆರವಾದದ್ದು 2021ರ ಜುಲೈ 1ರಂದು, ವ್ಯಕ್ತಿಗೆ 100 ಹೆಕ್ಟೇರ್ ಮಿತಿಯೊಂದಿಗೆ.

ವಿಯೆಟ್ನಾಂನಲ್ಲಿ ಇಂದಿಗೂ ಕಮ್ಯುನಿಸ್ಟ್ ಪಕ್ಷದ್ದೇ ಆಡಳಿತ, ಆದರೆ ಹಳೆಯ ಆರ್ಥಿಕ ವ್ಯವಸ್ಥೆ ಇಲ್ಲ. ಅಲ್ಲಿನ ಕಾಫಿಯ ಹಿನ್ನೆಲೆ ನಮ್ಮ ಬೆಳೆಗಾರರು ತಿಳಿದಿರಬೇಕಾದದ್ದು. 1975ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳು ಹಿಮ ಕಟ್ಟುವ ಚಳಿಗೆ ಸಿಕ್ಕಿ ಬೆಲೆ ಏರಿದಾಗ ಪೂರ್ವ ಜರ್ಮನಿಗೆ ಕಾಫಿ ಕೊಳ್ಳಲು ಡಾಲರ್ ಇರಲಿಲ್ಲ. 1977ರಲ್ಲಿ ಅರ್ಧಕ್ಕರ್ಧ ಬದಲಿ ಪುಡಿ ಬೆರೆಸಿ ಮಾರಿ ಜನರ ಸಿಟ್ಟಿಗೆ ಗುರಿಯಾಯಿತು. 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡು ಯಂತ್ರ, ನೀರಾವರಿ, ಹಣ ಕೊಟ್ಟು ತೋಟ ಹಾಕಿಸಿತು. ಗಿಡಗಳು ಪೂರ್ತಿ ಫಸಲಿಗೆ ಬರುವ ಹೊತ್ತಿಗೆ, 1990ರ ಅಕ್ಟೋಬರ್‌ನಲ್ಲಿ, ಪೂರ್ವ ಜರ್ಮನಿಯೇ ಇರಲಿಲ್ಲ. ಅಷ್ಟರಲ್ಲಿ ವಿಯೆಟ್ನಾಂ 1986ರ ‘ದೊಯ್ ಮೊಯ್’ ಸುಧಾರಣೆಗೆ ಇಳಿದಿತ್ತು. 1988ರಲ್ಲಿ ಬೇಸಾಯದ ಹೊಣೆ ಸಹಕಾರ ಸಂಘದಿಂದ ಕುಟುಂಬಕ್ಕೆ ಬಂತು. 1993ರ ಭೂ ಕಾಯ್ದೆ ಬಹುವಾರ್ಷಿಕ ಬೆಳೆಯ ಜಮೀನಿಗೆ 50 ವರ್ಷದ ಬಳಕೆ ಹಕ್ಕು ಕೊಟ್ಟಿತು. ಅದನ್ನು ವರ್ಗಾಯಿಸಬಹುದು, ಗೇಣಿಗೆ ಕೊಡಬಹುದು, ಮಕ್ಕಳಿಗೆ ಬಿಡಬಹುದು, ಅಡವಿಡಬಹುದು. ಮಾಲೀಕತ್ವ ಸರ್ಕಾರದ್ದೇ ಉಳಿದರೂ ಅಡವಿಡುವ ಹಕ್ಕು ಸಿಕ್ಕಿದ್ದರಿಂದ ಪಂಪಿಗೆ, ಗೊಬ್ಬರಕ್ಕೆ ಸಾಲ ಹುಟ್ಟಿತು. 1990ರಲ್ಲಿ 60 ಕೆ.ಜಿ.ಯ ಹದಿನೈದು ಲಕ್ಷ ಚೀಲವನ್ನೂ ಮುಟ್ಟದಿದ್ದ ಬೆಳೆ, 2000ದ ಹೊತ್ತಿಗೆ ಒಂದು ಕೋಟಿ ನಲವತ್ತು ಲಕ್ಷದ ಹತ್ತಿರ ಬಂದು ವಿಯೆಟ್ನಾಂ ಜಗತ್ತಿನ ಎರಡನೆಯ ಸ್ಥಾನಕ್ಕೇರಿತು. ಆ ಸರಕು ಒಮ್ಮೆಲೇ ಬಂದು ಬಿದ್ದದ್ದೂ 2001ರ ಬೆಲೆ ಕುಸಿತಕ್ಕೆ ಒಂದು ಕಾರಣ. ಅದರ ಹೊಡೆತ ನಮ್ಮ ಮಲೆನಾಡಿನ ರೋಬಸ್ಟಾ ಬೆಳೆಗಾರರಿಗೂ ಬಿತ್ತು. ವಿಯೆಟ್ನಾಂನಲ್ಲಿ ಕಾಡು ಕಡಿದರು, ಅಂತರ್ಜಲ ಬಸಿದರು. ಮಧ್ಯದ ಎತ್ತರ ಪ್ರದೇಶದ ಬುಡಕಟ್ಟು ಜನರ ಜಮೀನು ವಲಸೆ ಬಂದವರ ಕೈಸೇರಿ 2001ರಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಹಕ್ಕುಪತ್ರ ಹಂಚುವಾಗ ಮೊದಲಿನಿಂದ ಅಲ್ಲಿದ್ದವರ ಹೆಸರು ಬಿಟ್ಟರೆ ಹೀಗಾಗುತ್ತದೆ.

ಕೊನೆಯದಾಗಿ ಉಜ್ಬೇಕಿಸ್ತಾನ. ಅದು ನಮ್ಮ ಪೂಲ್‌ಗೆ ಅತಿ ಹತ್ತಿರದ ಉದಾಹರಣೆ. ಇಂತಿಷ್ಟು ಜಮೀನಿನಲ್ಲಿ ಹತ್ತಿಯನ್ನೇ ಹಾಕಬೇಕು, ಸರ್ಕಾರ ಹೇಳಿದ ಬೆಲೆಗೆ ಕೊಡಬೇಕು ಎಂಬ ಸೋವಿಯತ್ ಕಾಲದ ಕಟ್ಟಳೆ ಅಲ್ಲಿ 2020ರವರೆಗೆ ನಡೆಯಿತು. ಈಗ ಕೋಟಾ ಹೋಗಿದೆ. ಆದರೆ ಅದರ ಜಾಗಕ್ಕೆ ಬಂದದ್ದು ‘ಕ್ಲಸ್ಟರ್’. ಒಂದು ಪ್ರದೇಶದ ಹತ್ತಿ ಕೊಳ್ಳಲು ಒಂದು ಖಾಸಗಿ ಸಂಸ್ಥೆ, ಬೀಜ, ಗೊಬ್ಬರ, ಮುಂಗಡ ಕೊಡುವುದೂ ಅದೇ, ಹತ್ತಿಯ ತೇವ, ಕಸ ಅಳೆಯುವುದೂ ಅದೇ. ಕಾಗದದಲ್ಲಿ ರೈತ ಸ್ವತಂತ್ರನಾದ. ಬೆಲೆ ಒಪ್ಪಿಗೆಯಾಗದಿದ್ದರೆ ಹೋಗಲು ಬೇರೆ ಬಾಗಿಲಿರಲಿಲ್ಲ.

ಇದನ್ನು ನಮ್ಮೂರಿನ ಅಳತೆಗೆ ತಂದು ನೋಡಿ. ಚೆರಿ ಕಾಫಿಯನ್ನು (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು) ನಮ್ಮಲ್ಲಿ ಕೊಳ್ಳುವುದು ಔಟ್‌ಟರ್ನ್ ಮೇಲೆ, ಅಂದರೆ 50 ಕೆ.ಜಿ. ಮೂಟೆಯಲ್ಲಿ ಎಷ್ಟು ಕೆ.ಜಿ. ಕಾಫಿ ಬೀಜ ಸಿಗುತ್ತದೆ ಎಂಬ ಲೆಕ್ಕ. ಪಾಯಿಂಟಿಗೆ, ಅಂದರೆ ಆ ಒಂದು ಕೆ.ಜಿ.ಗೆ, 300 ರೂಪಾಯಿ ಎಂದಿಟ್ಟುಕೊಳ್ಳಿ. 28 ಬರಬೇಕಾದದ್ದನ್ನು 26 ಎಂದು ಬರೆದರೆ ಮೂಟೆಗೆ 600, ನೂರು ಮೂಟೆಗೆ 60,000 ರೂಪಾಯಿ ಬೆಳೆಗಾರನ ಕೈಬಿಡುತ್ತದೆ. ಸ್ಯಾಂಪಲ್ ತೆಗೆಯುವುದು, ಹಲ್ಲಿಂಗ್ ಮಾಡಿ (ಸಿಪ್ಪೆ ಬಿಡಿಸಿ) ತೂಗುವುದು, ತೇವಾಂಶ ನೋಡುವುದು ಎಲ್ಲ ಕೊಳ್ಳುವವನ ಕೈಯಲ್ಲೇ ಇದ್ದರೆ, ಫೋನಿನಲ್ಲಿ ಬರುವ ದಿನದ ದರ ಎಷ್ಟು ಮುಕ್ತವಾಗಿದ್ದರೂ ಪ್ರಯೋಜನ ಅಷ್ಟಕ್ಕಷ್ಟೆ. ಮುಂಗಡ ಕೊಟ್ಟ ವ್ಯಾಪಾರಿಗೇ ಫಸಲು ಹಾಕಬೇಕಾದ ಸಣ್ಣ ಬೆಳೆಗಾರನಿಗೆ ಇದು ಇನ್ನೂ ಕಷ್ಟ. ಹೋಬಳಿ ಮಟ್ಟದಲ್ಲಿ, ಕೊಳ್ಳುವವರಿಗೂ ಮಾರುವವರಿಗೂ ಸೇರದ ಒಂದು ಔಟ್‌ಟರ್ನ್ ಪರೀಕ್ಷಾ ಕೇಂದ್ರ ಬೇಕು. ಬೇಕಾದ್ದು ಸಣ್ಣ ಹಲ್ಲರ್, ಪರೀಕ್ಷಿಸಿ ಮುದ್ರೆ ಹಾಕಿದ ತಕ್ಕಡಿ, ವರ್ಷಕ್ಕೊಮ್ಮೆ ತಾಳೆ ನೋಡುವ ತೇವಾಂಶ ಮೀಟರ್. ರೋಬಸ್ಟಾ ಚೆರಿಗೆ ಶೇ 11, ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಶೇ 10 ತೇವದ ಅಳತೆಯಲ್ಲಿ ಪರೀಕ್ಷಿಸಿ ಚೀಟಿ ಕೊಟ್ಟರೆ, ಅದನ್ನು ಹಿಡಿದು ಬೆಳೆಗಾರ ಎರಡನೆಯ, ಮೂರನೆಯ ಅಂಗಡಿಗೆ ಹೋಗಬಹುದು. ಕಾಫಿ ಮಂಡಳಿ ಮತ್ತು ಬೆಳೆಗಾರರ ಸಹಕಾರ ಸಂಘಗಳು ಕೂಡಿ ಮಾಡಿದರೆ ಇದು ದೊಡ್ಡ ಖರ್ಚಲ್ಲ.

ಎರಡನೆಯದು ಪೋಡಿ, ಅಂದರೆ ಜಂಟಿ ಸರ್ವೆ ನಂಬರನ್ನು ಅಳೆದು ಒಬ್ಬೊಬ್ಬರ ತುಂಡನ್ನು ಬೇರೆ ಮಾಡುವುದು. ಉಕ್ರೇನಿನ ಮಾರಲಾಗದ ಪಾಲಿಗೂ ನಮ್ಮ ಜಂಟಿ ಪಹಣಿಗೂ ವ್ಯತ್ಯಾಸ ಕಡಿಮೆ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹೆಸರು, ಯಾರ ತುಂಡು ಯಾವುದೆಂದು ನಕ್ಷೆಯಿಲ್ಲ, ಸಾಲಕ್ಕೆ ಹೋದರೆ ಎಲ್ಲರ ಸಹಿ ಬೇಕು. ಮಂಜೂರಾಗಿ ವರ್ಷಗಳಾದರೂ ದುರಸ್ತಿಯಾಗದ ಜಮೀನು, ತೀರ್ಮಾನವಾಗದ ಬಗರ್‌ಹುಕುಂ ಅರ್ಜಿ ಮಲೆನಾಡಿನ ಎಲ್ಲ ತಾಲ್ಲೂಕಿನಲ್ಲೂ ಇವೆ. ಗಿಡ ಬದಲಿಸಿ ಹೊಸ ಕಾಫಿ ಹಾಕಿದವನು ಫಸಲಿಗೆ ನಾಲ್ಕೈದು ವರ್ಷ ಕಾಯಬೇಕು. ಪಹಣಿಯಲ್ಲಿ ತನ್ನ ತುಂಡು ಕಾಣದಿದ್ದರೆ ಅವನು ಆ ಕೆಲಸಕ್ಕೇ ಕೈಹಾಕುವುದಿಲ್ಲ, ಬ್ಯಾಂಕೂ ಜೊತೆಗೆ ನಿಲ್ಲುವುದಿಲ್ಲ. ಸರ್ವೆ ಇಲಾಖೆ ಹೋಬಳಿವಾರು ಬಾಕಿ ಪೋಡಿ ಪ್ರಕರಣಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಹಾಕಲಿ. ಅರ್ಜಿ ಬಂದ ದಿನಾಂಕದ ಕ್ರಮದಲ್ಲೇ ಅಳತೆ ನಡೆಸಲಿ. ಒತ್ತುವರಿ ತೋಟಗಳನ್ನು ಗುತ್ತಿಗೆಗೆ ಕೊಡುವಾಗ, ಅದೇ ಊರಿನ ಭೂರಹಿತ ಕಾರ್ಮಿಕರ ನಿವೇಶನದ ಅರ್ಜಿಗಳನ್ನೂ ಅದೇ ಸಭೆಯಲ್ಲಿ ಇಟ್ಟು ತೀರ್ಮಾನಿಸಲಿ.

– ಅರ್ಥಶಾಸ್ತ್ರ ಅಧ್ಯಾಪಕರು ಮತ್ತು ಕಾಫಿ ಬೆಳೆಗಾರರು, ಸಕಲೇಶಪುರ, ಹಾಸನ ಜಿಲ್ಲೆ